ಮೂರನೇ ಮಹಡಿಯ ಸೊಳ್ಳೆ

ಮೊದಲೇ ಹೇಳಿಬಿಡುತ್ತೇನೆ, ನೀವು ಇದನ್ನು ನಂಬುವುದಿಲ್ಲ. ನಮ್ಮ ಇಂಟರ್ ಕಾಲೇಜಿನಲ್ಲಂತೂ ಯಾರೂ ನಂಬಿಲ್ಲ. ನಾನು ಏನೇ ಹೇಳಿದರೂ ಮುಕ್ಕಾಲು ಭಾಗ ಕಳೆದು ಉಳಿದದ್ದನ್ನು ಕೇಳುವುದು ಅಲ್ಲಿನವರ ಪದ್ಧತಿ. ಆದರೆ ಸಾಬಣ್ಣನ ವಿಷಯದಲ್ಲಿ ಕಳೆಯುವಂಥದ್ದು ಏನೂ ಇಲ್ಲ. ಅವನ ಕಿವಿಗಳ ವಿಷಯದಲ್ಲಿ ಮಾತ್ರ ಸ್ವಲ್ಪ ಕಳೆಯಿರಿ. ಅವು ಎಷ್ಟು ದೊಡ್ಡವಿದ್ದವೆಂದರೆ ಜೋರು ಗಾಳಿ ಬೀಸಿದಾಗ ಅವನು ಕಂಬ ಹಿಡಿದುಕೊಂಡು ನಿಲ್ಲಬೇಕಾಗುತ್ತಿತ್ತು.

ಅಂಥ ಕಿವಿಯವನಿಗೆ ಇಷ್ಟವಾಗಿದ್ದು ದನಿಯೇ ಇಲ್ಲದ ಸಿನಿಮಾ. ತೆಲುಗು ಸೀಮೆಯ ಮಣಿಕೊಂಡದ ನಮ್ಮ ಗಲ್ಲಿಯಲ್ಲಿ, ಅರ್ಧ ಕಟ್ಟಿದ ಬಿಲ್ಡಿಂಗಿನ ನಾಲ್ಕನೇ ಸ್ಲ್ಯಾಬಿನ ಮೇಲೆ ಸಿಮೆಂಟ್ ಚೀಲಕ್ಕೆ ಒರಗಿ ಕೂತು, ಎದುರಿನ ಅಪಾರ್ಟ್‌ಮೆಂಟಿನ ಕಿಟಕಿಗಳನ್ನು ಅವನು ಟೀವಿ ನೋಡಿದಂತೆ ನೋಡುತ್ತಿದ್ದ. ಒಳಗಿನವರ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಮಾತನ್ನು ಇವನು ಹಾಕುತ್ತಿದ್ದ. ಅದೂ ದೇವದುರ್ಗದ ಕಡೆಯ ಕನ್ನಡದಲ್ಲಿ.

ಎರಡನೇ ಮಹಡಿಯಲ್ಲಿ ಒಬ್ಬ ಅಜ್ಜ ಕಸರತ್ತಿನ ಸೈಕಲ್ ತುಳಿಯುತ್ತಿದ್ದ. ಸಾಬಣ್ಣ ಏದುಸಿರಿನ ದನಿಯಲ್ಲಿ ಶುರು ಮಾಡುತ್ತಿದ್ದ: "ಯವ್ವಾ, ಎರಡು ತಿಂಗಳಾತು ತುಳ್ಯಾಕತ್ತಿ. ಇನ್ನಾ ರಾಯಚೂರು ಬರವಲ್ದು!" ಅಜ್ಜ ಟವೆಲಿನಿಂದ ಮುಖ ಒರೆಸಿಕೊಂಡರೆ, "ಲಿಂಗಂಪಲ್ಲಿ ದಾಟೀತು ನೋಡು, ಚಾ ಕುಡ್ಯೂಣು" ಎನ್ನುತ್ತಿದ್ದ. ನಾನು ಸ್ಲ್ಯಾಬಿನ ಮೇಲೆ ಹೊರಳಾಡಿ ನಗುತ್ತಿದ್ದೆ.

ನಮ್ಮಿಬ್ಬರ ಪರಿಚಯವಾಗಿದ್ದು ನೀರಿನಿಂದ. ಹೊಸ ಕಾಂಕ್ರೀಟಿಗೆ ದಿನಾ ನೀರು ಹೊಡೆಯಬೇಕು, ಇಲ್ಲದಿದ್ದರೆ ಬಿರುಕು ಬಿಡುತ್ತದೆ. ಅವನ ಅಪ್ಪ ಅವ್ವ ಸೈಟಿನ ಕಾವಲಿಗೆ ಬಂದು ತಗಡಿನ ಶೆಡ್ಡಿನಲ್ಲಿದ್ದರು, ಇವನದು ನೀರಿನ ಕೆಲಸ. ಒಂದು ದಿನ ಆ ನೀರು ನನ್ನ ಇಸ್ತ್ರಿ ಅಂಗಿಯ ಮೇಲೆ ಬಿತ್ತು. ನಾನು ಮೇಲೆ ನೋಡುತ್ತಾ ನನಗೆ ಗೊತ್ತಿದ್ದ ತೆಲುಗು ಬೈಗುಳವನ್ನೆಲ್ಲ ಒಂದೇ ಉಸಿರಿಗೆ ಖಾಲಿ ಮಾಡಿದೆ. ಕೊನೆಯ ಬೈಗುಳಕ್ಕೆ ಕಾಲು ಜಾರಿ ಮರಳಿನ ರಾಶಿಯ ಪಕ್ಕದ ಕಬ್ಬಿಣಕ್ಕೆ ಮೊಣಕಾಲು ಬಡಿಯಿತು. "ಯವ್ವಾ ಸತ್ನಲ್ಲೋ!" ಎಂದೆ.

ಮೇಲಿನಿಂದ ದನಿ ಬಂತು: "ಬೈಯೂದು ತೆಲುಗುದಾಗ, ಸಾಯೂದು ಕನ್ನಡದಾಗೇನೋ ತಮ್ಮಾ?"

ಅವತ್ತಿನಿಂದ ದಿನಾ ಸಂಜೆ ಆರೂವರೆಗೆ ನಾನು ನಾಲ್ಕನೇ ಸ್ಲ್ಯಾಬಿನಲ್ಲಿ ಹಾಜರು.

ನಾನೂ ಅವನೂ ಒಂದೇ ವಯಸ್ಸಿನವರು, ಉಳಿದದ್ದೆಲ್ಲ ತಿರುವುಮುರುವು. ಸಿನಿಮಾದಲ್ಲಿ ಹೀರೋ ಕಾರಿನ ಬಾಗಿಲು ಒದ್ದುಕೊಂಡು ಇಳಿದರೆ ನನ್ನ ಮೈ ಝುಮ್ಮೆನ್ನುತ್ತದೆ. ಅವನಿಗೆ ಹೀರೋನ ಮನೆಯಲ್ಲಿ ಚಹಾ ತಂದಿಟ್ಟು ಹೋಗುವವನ ಮೇಲೆ ಕಣ್ಣು. "ಅವ ಒಳಗ ಹೋಗಿ ಏನ್ ಮಾಡ್ತಾನ, ಅದನ್ನ ಯಾರೂ ತೋರ್ಸಂಗಿಲ್ಲ ನೋಡು" ಎಂದು ನಿಜವಾಗಿಯೂ ಬೇಸರ ಮಾಡಿಕೊಳ್ಳುತ್ತಿದ್ದ. ನಾನು ಒಂದು ಮಾತು ಕೇಳಿದರೆ ಹತ್ತು ಮಾತು ಹೇಳುವವನು. ಅವನು ಹತ್ತು ಕೇಳಿಸಿಕೊಂಡು, ಬೇಕಾದ ಒಂದನ್ನು ಇಟ್ಟುಕೊಳ್ಳುವವನು.

ಒಮ್ಮೆ ಇಬ್ಬರೂ ದಿನಚರಿ ಹೇಳಿಕೊಂಡೆವು.

"ಐದಕ್ಕ ಎದ್ದು ಗ್ವಾಡಿಗೆ ನೀರು" ಎಂದ. "ಆಮ್ಯಾಲ ಸ್ಲ್ಯಾಬಿಗೆ ನೀರು. ಆಮ್ಯಾಲ ಕಂಬಕ್ಕ ಸುತ್ತಿದ ಗೋಣಿಚೀಲಕ್ಕ ನೀರು. ಆಮ್ಯಾಲ ನಾ ನೀರು ಕುಡೀತೀನಿ. ಸಂಜಿಗೆ ಮತ್ತ ಗ್ವಾಡಿಗೆ."

"ಬ್ಯಾಸರಾಗಂಗಿಲ್ಲೇನು?"

"ಬ್ಯಾಸರಾದ್ರ ಗ್ವಾಡಿಗೆ ಆಗಬೇಕು. ನಂದೇನೈತಿ? ನಿಂದು ಹೇಳು."

ನಾನು ಬಿಡುತ್ತೇನೆಯೇ? ಹಾಸಿಗೆಗೇ ಕಾಫಿ ಬರುತ್ತದೆ ಎಂದೆ. ರವಿವಾರ ಅಪ್ಪ ಮಾಲ್‌ಗೆ ಕರೆದುಕೊಂಡು ಹೋಗುತ್ತಾರೆ, ಬಕೆಟ್ಟಿನಷ್ಟು ಪಾಪ್‌ಕಾರ್ನ್ ಕೊಡಿಸುತ್ತಾರೆ, ಸಂಜೆ ಮೂವರೂ ಸೋಫಾ ಮೇಲೆ ಕೂತು ಕಾಮಿಡಿ ನೋಡುತ್ತೇವೆ ಎಂದೆ. ಎದುರಿನ ಅಪಾರ್ಟ್‌ಮೆಂಟಿನ ಐದನೇ ಮಹಡಿಯಲ್ಲಿ ನೀಲಿ ದೀಪ ಉರಿಯುವ ಬಾಲ್ಕನಿಯನ್ನು ತೋರಿಸಿ, "ಅದ ನಮ್ಮನಿ" ಎಂದೆ.

"ನಿಮ್ಮಪ್ಪ ನಗ್ತಾರೇನು?"

"ನಗ್ತಾರಂದ್ರ? ಗಲ್ಲಿ ಕೊನಿತನಕ ಕೇಳ್ತದ!"

"ನನಗ ಒಂದಿನಾನೂ ಕೇಳಿಲ್ಲಲ್ಲ" ಎಂದು ಅವನು ತನ್ನ ಆ ಕಿವಿ ಕೆರೆದುಕೊಂಡ. ಅಷ್ಟೇ.

ಅವನಿಗೆ ಎಲ್ಲ ಕಿಟಕಿಗಳಿಗಿಂತ ಮೂರನೇ ಮಹಡಿಯ ಕಿಟಕಿ ಚೆನ್ನಾಗಿ ಕಾಣುತ್ತಿತ್ತು. ಗಲ್ಲಿ ಎಷ್ಟು ಕಿರಿದೆಂದರೆ ಎರಡು ಆಟೋ ಎದುರುಬದುರಾದರೆ ಡ್ರೈವರುಗಳು ಕೈಕುಲುಕಬಹುದು. ಅದೂ ಅಲ್ಲದೆ ಆ ಕಿಟಕಿಗೆ ಪರದೆ ಇರಲಿಲ್ಲ. ಪರದೆಯ ಸರಳು ಒಂದು ಕಡೆ ಕಿತ್ತು ಬಂದು ಜೋತಾಡುತ್ತಿತ್ತು. ಸಂಜೆ ಏಳಕ್ಕೆ ಅಲ್ಲಿ ಒಬ್ಬ ಗಂಡಸು ಬಂದು ಬ್ಯಾಗನ್ನು ಸೋಫಾದ ಮೇಲೆ ಎಸೆಯುತ್ತಿದ್ದ. ಒಬ್ಬ ಹೆಂಗಸು ನೀರಿನ ಲೋಟ ಹಿಡಿದು ಬರುತ್ತಿದ್ದಳು.

"ಅಡಗಿ ಏನ್ ಮಾಡೀದಿ?" ಸಾಬಣ್ಣ ಗಂಡಸಿನ ದಪ್ಪ ದನಿಯಲ್ಲಿ ಕೇಳುತ್ತಿದ್ದ.

"ಬದನೀಕಾಯಿ ರೀ."

"ನಿನ್ನೀನೂ ಬದನೀಕಾಯಿ!"

"ನಿನ್ನಿ ತುಂಬಿದ್ದು ರೀ. ಇವತ್ತ ತುಂಬಲಾರದ್ದು."

ಆ ಗಂಡಸು ಲೋಟ ಎಸೆದರೆ, ಸಾಬಣ್ಣ "ಈ ನೀರಾಗ ಉಪ್ಪಿಲ್ಲ!" ಎನ್ನುತ್ತಿದ್ದ. ಕೈ ಎತ್ತಿ ಆ ಹೆಂಗಸಿನ ಕೆನ್ನೆಗೆ ಬಾರಿಸಿದರೆ, ಒಂದು ಕ್ಷಣವೂ ತಡೆಯದೆ, "ತಡಿ ತಡಿ, ಗಲ್ಲದ ಮ್ಯಾಲ ಸೊಳ್ಳಿ ಕುಂತೈತಿ... ಸತ್ತಿತು ನೋಡು!" ಎನ್ನುತ್ತಿದ್ದ. ಎರಡನೇ ಏಟಿಗೆ, "ಅದರ ತಮ್ಮನೂ ಬಂದಿದ್ದ" ಎನ್ನುತ್ತಿದ್ದ. ಹೆಂಗಸು ಕೆನ್ನೆ ಹಿಡಿದುಕೊಂಡು ಗೋಡೆಗೆ ಆತು ನಿಂತರೆ, ಅವಳ ದನಿಯಲ್ಲಿ ಮೆಲ್ಲಗೆ, "ಈ ಮನ್ಯಾಗ ಸೊಳ್ಳಿ ಭಾಳ ರೀ" ಎನ್ನುತ್ತಿದ್ದ.

ನಾನು ನಗುತ್ತಿದ್ದೆ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಗುತ್ತಿದ್ದೆ. ಆ ಮನೆ ನಮ್ಮದು. ಆ ಗಂಡಸು ನನ್ನ ಅಪ್ಪ, ಆ ಹೆಂಗಸು ನನ್ನ ಅವ್ವ.

ಆರೂ ಕಾಲಾದರೆ ಸಾಕು, ಅವ್ವ ನನ್ನ ಕೈಗೆ ಪುಸ್ತಕ ಕೊಟ್ಟು, "ಅವರು ಬರೂ ಹೊತ್ತಾತು, ಗೆಳೆಯನ ಮನ್ಯಾಗ ಓದಿಕೊಂಡು ಬಾ, ಹೋಗು" ಎಂದು ಕಳಿಸುತ್ತಿದ್ದಳು. ನಾನು ಹೋಗುತ್ತಿದ್ದೆ. ಗಲ್ಲಿ ದಾಟಿ, ನಾಲ್ಕು ಮಹಡಿ ಹತ್ತಿ, ಬಿಟ್ಟು ಬಂದದ್ದನ್ನೇ ಕೂತು ನೋಡುತ್ತಿದ್ದೆ. ಸಾಬಣ್ಣನಿಗೆ ಇದು ಗೊತ್ತಾದರೆ ಮುಗಿಯಿತು ಎಂಬುದೊಂದೇ ನನ್ನ ಹೆದರಿಕೆಯಾಗಿತ್ತು. ಅವನು ಆಮೇಲೆ ಸೊಳ್ಳೆ ಹೊಡೆಯುವುದಿಲ್ಲ. ಆಗ ಅಲ್ಲಿ ಆಗುತ್ತಿರುವುದು ಏನಾಗುತ್ತಿದೆಯೋ ಅದೇ ಆಗಿಬಿಡುತ್ತದೆ.

ಒಂದು ಸಂಜೆ ಅಪ್ಪ ಬ್ಯಾಗು ಎಸೆಯಲೇ ಇಲ್ಲ. ಒಳಗೆ ಬಂದವರೇ ಅವ್ವನ ಜಡೆ ಹಿಡಿದು ಕಿಟಕಿಯ ಹತ್ತಿರಕ್ಕೆ ಎಳೆದು ತಂದರು. ನಾನು ಸಾಬಣ್ಣನ ದನಿಗಾಗಿ ಕಾದೆ. ಜಡೆಗೊಂದು ಮಾತು ಅವನಿಗೆ ಹೊಳೆಯದೆ ಇರುತ್ತದೆಯೇ? ತಿರುಗಿ ನೋಡಿದರೆ ಅವನು ಪಕ್ಕದಲ್ಲಿ ಇರಲಿಲ್ಲ. ಮೋಟಾರಿನ ಸದ್ದು ಕೇಳಿತು. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು, ಸ್ಲ್ಯಾಬಿನ ಅಂಚಿಗೆ ಬಂದು ನಿಂತ. ನೀರು ಗಲ್ಲಿ ದಾಟಿ, ಕರೆಂಟಿನ ತಂತಿಯ ಮೇಲಿಂದ ಹಾರಿ, ತೆರೆದ ಕಿಟಕಿಯೊಳಗೆ ಸೀದಾ ಅಪ್ಪನ ಮುಖಕ್ಕೆ ಬಡಿಯಿತು.

ಜಡೆ ಬಿಟ್ಟುಹೋಯಿತು. "ಎವಡ್ರಾ ಅದಿ!" ಯಾವನೋ ಅವನು ಎಂದು ಅಪ್ಪ ಕಿಟಕಿಯಿಂದ ತೆಲುಗಿನಲ್ಲಿ ಕೂಗಿದರು. ನಾನು ಸಿಮೆಂಟ್ ಚೀಲದ ಹಿಂದೆ ನೆಲಕ್ಕೆ ಅಂಟಿಕೊಂಡಿದ್ದೆ.

"ಸಾರೀ ಸಾರ್! ಪೈಪು ಜಾರಿಂದಿ!" ಎಂದ ಸಾಬಣ್ಣ, ಪೈಪು ತಾನಾಗಿಯೇ ಜಾರಿದಂತೆ ಕೈ ಕೊಡವುತ್ತಾ. ಅಪ್ಪ ಇನ್ನಷ್ಟು ಬೈದು ಅಂಗಿ ಬದಲಿಸಲು ಒಳಗೆ ಹೋದರು. ಅವತ್ತು ಮತ್ತೆ ಹೊರಗೆ ಬರಲಿಲ್ಲ. ಅವ್ವ ನೆಲ ಒರೆಸಲು ಕೂತಳು.

ಸಾಬಣ್ಣ ಮೋಟಾರು ಬಂದ್ ಮಾಡಿ ಬಂದು ನನ್ನ ಪಕ್ಕ ಕುಕ್ಕರಿಸಿದ.

"ನಿಮ್ಮವ್ವಗ ಹೇಳು, ಕಿಟಕಿ ತೆರದು ಇಡು ಅಂತ."

ನನ್ನ ಬಾಯಿಯಿಂದ ಐದನೇ ಮಹಡಿ, ನೀಲಿ ದೀಪ ಎಂದೇನೋ ಹೊರಟಿತು. ಅವನು ಕೈ ಅಡ್ಡ ಹಿಡಿದ.

"ನಿನ್ನ ಕಾಲೇಜಿನ ಅಂಗಿ ಆ ಮನಿ ಹಗ್ಗದ ಮ್ಯಾಲ ದಿನಾ ಒಣಗ್ತೈತೋ ಪವ್ಯಾ. ನನಗ ಮೊದಲಿಂದ ಗೊತ್ತೈತಿ."

"ಮತ್ತ್ಯಾಕ ಸೊಳ್ಳಿ ಸೊಳ್ಳಿ ಅಂತಿದ್ದಿ?"

"ನೀ ನಗತಿದ್ದ್ಯಲ್ಲ" ಎಂದ.

ಅವ್ವನಿಗೆ ನಾನು ಹೇಳಲಿಲ್ಲ. ಹೇಗೆ ಹೇಳುವುದು, ನಾನು ಎದುರು ಕೂತು ನೋಡುತ್ತಿರುತ್ತೇನೆ ಎಂದೇ? ಆದರೆ ಮರುದಿನದಿಂದ ಏಳು ಗಂಟೆಗೆ ಅವಳೇ ಎದ್ದು ಹೋಗಿ ಕಿಟಕಿಯ ಎರಡೂ ಬಾಗಿಲು ಪೂರ್ತಿ ತೆರೆಯತೊಡಗಿದಳು. ಆಮೇಲೆ ಪೈಪು ಇನ್ನೆರಡು ಸಲ ಜಾರಿತು. ಎರಡನೇ ಸಲ ನೆಲ ಒರೆಸುತ್ತಿದ್ದ ಅವ್ವ ತಲೆ ಎತ್ತಿ ನಮ್ಮ ಕಡೆ ನೋಡಿದಳು. ಕತ್ತಲಲ್ಲಿ ನಾವು ಅವಳಿಗೆ ಕಂಡಿರಲಿಕ್ಕಿಲ್ಲ. ಕಂಡಿರಲೂಬಹುದು.

ನಾಲ್ಕನೇ ಸಲ ನೀರು ಬಿದ್ದಾಗ ಅಪ್ಪ ಕಿಟಕಿಗೆ ಬರಲಿಲ್ಲ, ಕೂಗಲೂ ಇಲ್ಲ. ಸುಮ್ಮನೆ ಒಳಗೆ ಹೋದರು. ಸಾಬಣ್ಣ ಖುಷಿಯಾಗಿ ಅವರ ದಪ್ಪ ದನಿ ತೆಗೆದ: "ಒಂದು ನಿಮಿಷ ತಡಿ, ಒಣ ಅಂಗಿ ಹಾಕ್ಕೊಂಡು ಬಂದು ಬದನೀಕಾಯಿ ಉಣ್ತೀನಿ." ನಾನು ನಕ್ಕೆ. ಸ್ವಲ್ಪ ಹೊತ್ತಿಗೆ ನಮ್ಮ ಹಿಂದೆ ಮೆಟ್ಟಿಲ ಮೇಲೆ ಯಾರೋ ನಿಂತಂತಾಯಿತು. ಅಪ್ಪ. ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಅವರು ಮೊದಲು ಸಾಬಣ್ಣನ ಕೈಯಲ್ಲಿದ್ದ ಪೈಪು ನೋಡಿದರು. ಆಮೇಲೆ ಚೀಲದ ಹಿಂದಿನ ನನ್ನನ್ನು.

"ನೀ ಇಲ್ಲೇನ್ ಮಾಡಾಕತ್ತಿ? ಇವ ನಿನಗ ಗೊತ್ತದಾನೇನು?"

ಹೇಳುವುದಕ್ಕೆ ಅವತ್ತು ನನ್ನ ಹತ್ತಿರ ಎಷ್ಟೊಂದಿತ್ತು. ಕಸರತ್ತಿನ ಅಜ್ಜನಿಂದ ಶುರು ಮಾಡಿದ್ದರೂ ಒಂದು ಗಂಟೆ ಹೇಳಬಹುದಿತ್ತು.

"ಇಲ್ರೀ ಅಪ್ಪಾಜಿ" ಎಂದೆ.

ಸಾಬಣ್ಣ ನನ್ನನ್ನು ನೋಡಿದ. ಕಿಟಕಿಯೊಳಗಿನವರ ಬಾಯಿ ಆಡಿದಾಗ ನೋಡುತ್ತಿದ್ದನಲ್ಲ, ಹಾಗೆಯೇ. ಆಮೇಲೆ ಅಪ್ಪನ ಕಡೆ ತಿರುಗಿದ.

"ಖರೇ ಐತ್ರಿ ಸಾಹೇಬ್ರ. ಇವರು ಯಾರಂತ ನನಗೂ ಗೊತ್ತಿಲ್ರಿ. ನಮ್ಮನ್ಯಾಗ ಯಾಕ ನೀರು ಹೊಡೀತಿ ಅಂತ ನನ್ನ ಬೈಯಾಕ ಬಂದಾರ್ರಿ, ಈಗಿನ್ನ."

ಅಪ್ಪನ ಕಣ್ಣು ಗಲ್ಲಿಯಾಚೆಗೆ ಹೋಗಿತ್ತು. ನಾವು ನಿಂತಲ್ಲಿಂದ ನಮ್ಮ ಮನೆ ಪೂರ್ತಿ ಕಾಣುತ್ತಿತ್ತು: ಸೋಫಾ, ಫ್ರಿಜ್ಜು, ಒಂದು ಕಡೆ ಜೋತುಬಿದ್ದ ಸರಳು, ನೆಲದ ಮೇಲೆ ಕೂತು ಒರೆಸುತ್ತಿದ್ದ ಅವ್ವ. ಬಹಳ ಹೊತ್ತು ನೋಡಿದರು. ಅವಳ ತುಟಿ ಆಡಿತು. ಸಾಬಣ್ಣ ಅದಕ್ಕೆ ಮಾತು ಹಾಕಲಿಲ್ಲ.

ಅಪ್ಪ ನನ್ನ ಮುಂಗೈ ಹಿಡಿದು ಕೆಳಗೆ ಎಳೆದುಕೊಂಡು ಬಂದರು. ಸೈಟಿನ ಸೂಪರ್‌ವೈಸರ್ ಹತ್ತಿರ ತೆಲುಗಿನಲ್ಲಿ, ನಿಮ್ಮ ಹುಡುಗ ಹೆಂಗಸರಿರುವ ಮನೆಯೊಳಗೆ ಇಣುಕುತ್ತಾನೆ ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಮರುದಿನ ಕಾಲೇಜಿನಿಂದ ಬರುವಷ್ಟರಲ್ಲಿ ತಗಡಿನ ಶೆಡ್ಡು ಖಾಲಿಯಾಗಿತ್ತು. ಪೈಪನ್ನು ನೀಟಾಗಿ ಸುತ್ತಿ ಕಂಬಕ್ಕೆ ನೇತುಹಾಕಿ ಹೋಗಿದ್ದ. ಆ ರವಿವಾರ ಅಪ್ಪ ತಾವೇ ಡ್ರಿಲ್ಲಿಂಗ್ ಮಶೀನು ತಂದು ಹೊಸ ಸರಳು ಕೂರಿಸಿದರು, ದಪ್ಪ ಪರದೆ ಹಾಕಿದರು.

ಸಾಬಣ್ಣ ನಾಚಾರಂ ಕಡೆ ಇದ್ದಾನೆ ಎಂದು ಯಾರೋ ಹೇಳಿದರು. ಎರಡು ಬಸ್ಸು ಬದಲಿಸಿ ಹೋಗಿ ಬಂದೆ. ಕಟ್ಟುತ್ತಿದ್ದ ಒಂದು ಗೋಡೆಗೆ ಒಬ್ಬ ಹುಡುಗ ನೀರು ಹೊಡೆಯುತ್ತಿದ್ದ. ಅವನ ಕಿವಿಗಳು ಸಾಧಾರಣವಾಗಿದ್ದವು.

ನಾಲ್ಕನೇ ಸ್ಲ್ಯಾಬು ಈಗ ಯಾರದೋ ಹಾಲ್ ಆಗಿದೆ. ಗೋಡೆಗಳಲ್ಲಿ ಎಲ್ಲೂ ಬಿರುಕಿಲ್ಲ. ಅವ್ವ ಈಗಲೂ ಆರೂ ಕಾಲಿಗೆ "ಹೋಗು" ಎನ್ನುತ್ತಾಳೆ. ನಾನು ಹೋಗುವುದಿಲ್ಲ. ಇಲ್ಲೇ ಊಟದ ಟೇಬಲ್ಲಿನ ಮುಂದೆ ಕೂತು ಇದನ್ನು ಬರೆಯುತ್ತಿದ್ದೇನೆ. ಅಜ್ಜನ ಸೈಕಲ್ಲು ರಾಯಚೂರು ಮುಟ್ಟಿದ್ದೋ ಇಲ್ಲವೋ, ಅದೊಂದನ್ನು ನಿಮಗೆ ಹೇಳಬೇಕಿತ್ತು. ಲಿಫ್ಟು ನಿಂತ ಸದ್ದಾಯಿತು. ಅವ್ವ ಎದ್ದು ಪರದೆ ಪಕ್ಕಕ್ಕೆ ಸರಿಸಿ, ಕಿಟಕಿಯ ಎರಡೂ ಬಾಗಿಲು ತೆರೆದಳು.

ಅಪ್ಪ ಬಂದರು.