ಗದ್ದಲ ಇರುವ ಮನೆ ಬಾಡಿಗೆಗೆ ಬೇಕಾಗಿದೆ

ಕೆಲಸದಲ್ಲಿದ್ದಷ್ಟು ಕಾಲವೂ ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರಿಗೆಲ್ಲ ಲೈನು ಕೊಟ್ಟವಳು. ಹೀಗಾಗಿ ನನಗೆ ಎರಡು ದನಿ. ಒಂದು ಫೋನಿನದು, ಬೆಣ್ಣೆಯ ಹಾಗಿರುತ್ತದೆ. ಇನ್ನೊಂದು ಮನೆಯದು, ಅದರ ಪರಿಚಯ ನಮ್ಮ ಯಜಮಾನರಿಗೆ ಚೆನ್ನಾಗಿದೆ. ರಿಟೈರಾದ ಮೇಲೆ ಆ ಬೆಣ್ಣೆ ದನಿ ಸುಮ್ಮನೆ ಹಾಳಾಗುತ್ತಿತ್ತು. ಅದಕ್ಕೊಂದು ಕೆಲಸ ಸಿಕ್ಕಿದ್ದು ಜೆ.ಪಿ. ನಗರದ ಮನೆಯಲ್ಲಿ.

ಆ ಮನೆಯ ಗೇಟಿಗೆ ಬೋರ್ಡಿಲ್ಲ. ಒಳಗಿರುವವರನ್ನು ಅಕ್ಕಪಕ್ಕದವರು ಬೆರಳು ಮಾಡಿ ತೋರಿಸಬಾರದು ಅಂತ. ಬಸ್ ಸ್ಟ್ಯಾಂಡಿನಲ್ಲಿ, ದೇವಸ್ಥಾನದ ಮೆಟ್ಟಿಲ ಮೇಲೆ, ಆಸ್ಪತ್ರೆಯ ವರಾಂಡದಲ್ಲಿ ದಿನ ದೂಡುತ್ತಿದ್ದ ಹೆಂಗಸರು ಅಲ್ಲಿಗೆ ಬಂದು ಒಂದು ವರ್ಷದ ಮಟ್ಟಿಗೆ ಇರುತ್ತಾರೆ. ಮೊದಲು ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ, ಡಾಕ್ಟರು. ಆಮೇಲೆ ಆಧಾರ್ ಕಾರ್ಡು, ಒಂದು ಕೆಲಸ. ಕೊನೆಗೆ ಸ್ವಂತಕ್ಕೊಂದು ಬಾಡಿಗೆ ರೂಮು. ಅವರು ಬಿಟ್ಟುಹೋದ ಮಂಚಕ್ಕೆ ಇನ್ನೊಬ್ಬಳು ಬರುತ್ತಾಳೆ. ಉಳಿದದ್ದೆಲ್ಲ ಹೇಗೋ ಆಗುತ್ತಿತ್ತು, ಈ ರೂಮು ಹುಡುಕುವುದಿದೆಯಲ್ಲ, ಅದೇ ತಲೆನೋವು. ಉಸ್ತುವಾರಿ ನೋಡುವ ಹುಡುಗಿ ನನ್ನ ಫೋನಿನ ದನಿ ಕೇಳಿದವಳೇ ಆ ತಲೆನೋವನ್ನು ನನ್ನ ಮಡಿಲಿಗೆ ಹಾಕಿಬಿಟ್ಟಳು.

ಟು-ಲೆಟ್ ಬೋರ್ಡು ಕಂಡಲ್ಲೆಲ್ಲ ನಂಬರು ಬರೆದುಕೊಂಡು ಬರುತ್ತಿದ್ದೆ. ನನ್ನ ದನಿಗೆ ಓನರ್‌ಗಳು ಕರಗಿ ನೀರಾಗುತ್ತಿದ್ದರು. "ಬನ್ನಿ ಮೇಡಂ, ನಿಮ್ಮಂಥೋರಿಗೇ ಅಂತ ಇಟ್ಕೊಂಡಿದೀವಿ." ಆಮೇಲೆ ಬರುತ್ತಿತ್ತು ಪ್ರಶ್ನೆ. "ಎಷ್ಟು ಜನ ಇರ್ತೀರಿ?" ಒಬ್ಬರೇ ಹೆಂಗಸು ಅಂದರೆ ಆ ಕಡೆ ಒಂದು ಕೆಮ್ಮು. "ಹಸ್ಬೆಂಡ್ ಏನ್ ಮಾಡ್ತಾರೆ?" ಹಸ್ಬೆಂಡ್ ಏನಾದರೂ ಮಾಡುವಂಥವನಾಗಿದ್ದರೆ ಇವಳು ಯಾಕೆ ಬೀದಿಗೆ ಬರುತ್ತಿದ್ದಳು ಅಂತ ನಾಲಗೆ ತುದಿಗೆ ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದೆ. "ನಾವು ಫ್ಯಾಮಿಲಿಗೆ ಮಾತ್ರ ಕೊಡೋದು ಮೇಡಂ." ಫೋನಿಟ್ಟ ಮೇಲೆ ನನ್ನ ಎರಡನೇ ದನಿ ಹೊರಬೀಳುತ್ತಿತ್ತು. ಯಜಮಾನರು ಪೇಪರಿನ ಹಿಂದೆ ಅಡಗಿಕೊಳ್ಳುತ್ತಿದ್ದರು.

ಇಂಥ ಕಾಲದಲ್ಲಿ ನನ್ನ ಪಾಲಿಗೆ ಬಂದವಳು ರೊಟ್ಟಿ ಅಕ್ಕ. ಮನೆಯ ಎಲ್ಲ ಹೆಂಗಸರೂ ಅವಳನ್ನು ಕರೆಯುತ್ತಿದ್ದದ್ದು ಹಾಗೇ. ಗದಗದ ಕಡೆಯವಳು, ನನಗಿಂತ ಹದಿನೈದು ವರ್ಷಕ್ಕಾದರೂ ಚಿಕ್ಕವಳು. ಗಂಡ ಕೆಲಸ ಅಂತ ಬೆಂಗಳೂರಿಗೆ ಕರೆತಂದು, ಇಲ್ಲೇ ಬಿಟ್ಟು ಮಾಯವಾಗಿದ್ದ. ಬನಶಂಕರಿ ಬಸ್ ಸ್ಟ್ಯಾಂಡಿನ ಒಂದು ಕಲ್ಲುಬೆಂಚಿನ ಮೇಲೆ ಅವಳು ವರ್ಷಗಟ್ಟಲೆ ಬದುಕಿದ್ದಳು. ಜೆ.ಪಿ. ನಗರದ ಮನೆಗೆ ಬಂದ ಮೇಲೆ ಕೈಯಲ್ಲಿದ್ದ ವಿದ್ಯೆ ನೆನಪಾಯಿತು. ಬೆಳಗಾಗುವ ಮೊದಲೇ ಅಡುಗೆಮನೆಯಲ್ಲಿ ಪಟಪಟ ಅಂತ ರೊಟ್ಟಿ ಬಡಿಯುವ ಸದ್ದು. ಮೊದಮೊದಲು ಮಿಕ್ಕವರು ಬೈದರು. ಆಮೇಲೆ ಆ ಬಿಸಿ ರೊಟ್ಟಿ, ಎಣ್ಣೆಗಾಯಿ ಬಾಯಿಗೆ ಬಿದ್ದ ಮೇಲೆ ಯಾರಾದರೂ ಬೈಯುತ್ತಾರೆಯೇ! ಬಿ.ಟಿ.ಎಂ. ಲೇಔಟಿನ ಒಂದು ಖಾನಾವಳಿಯಲ್ಲಿ ಕೆಲಸವೂ ಸಿಕ್ಕಿತು. ಗದಗದ ಕಡೆಯಿಂದ ಬಂದು ರೂಮು ಮಾಡಿಕೊಂಡಿರುವ ಹುಡುಗರಿಗೆಲ್ಲ ಅವಳ ರೊಟ್ಟಿಯೇ ಆಗಬೇಕು. ನಸುಕಿಗೆ ಹೋದರೆ ಮಧ್ಯಾಹ್ನಕ್ಕೆ ವಾಪಸು.

ಅವಳಿಗಾಗಿ ನಾನು ಅರೆಕೆರೆಯಲ್ಲಿ ಒಂದು ಚಿನ್ನದಂಥ ರೂಮು ಹುಡುಕಿದೆ. ದೊಡ್ಡ ಕಾಂಪೌಂಡಿನ ಹಿಂದೆ, ಮಾವಿನ ಮರದ ಕೆಳಗೆ, ಪಿನ್ನು ಬಿದ್ದರೂ ಕೇಳಿಸುವಂಥ ಜಾಗ. ನನಗೇ ಅಲ್ಲಿ ಹೋಗಿ ಇದ್ದುಬಿಡೋಣ ಅನ್ನಿಸಿತ್ತು. ಹಾಲುಕ್ಕಿಸಿ, ಎಲ್ಲರೂ ಪಾಯಸ ತಿಂದು, ಕಣ್ಣೊರೆಸಿಕೊಂಡು ಬಂದೆವು. ಒಂದು ವಾರವೂ ಆಗಿರಲಿಲ್ಲ, ಉಸ್ತುವಾರಿ ಹುಡುಗಿಯ ಫೋನು. ರೊಟ್ಟಿ ಅಕ್ಕ ಮತ್ತೆ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಇದ್ದಾಳಂತೆ.

ಮೈಯೆಲ್ಲ ಉರಿದುಹೋಯಿತು. ಆಟೋ ಹತ್ತಿ ಹೋದೆ. ಅವಳು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಕಾಯುವವಳ ಹಾಗೆ ಕೂತಿದ್ದಳು. "ಏನಮ್ಮಾ ನಿನಗೆ ಬಂದಿರೋದು? ಅಂಥ ರೂಮು ಬಿಟ್ಟು ಇಲ್ಲಿ ಬಂದು ಕೂತಿದೀಯಲ್ಲ! ಏನು ಕಮ್ಮಿಯಾಗಿತ್ತು ಅಲ್ಲಿ?"

ಅವಳು ತಲೆ ಎತ್ತಲಿಲ್ಲ. "ಅಲ್ಲೆ ಸಪ್ಪಳಾನ ಇಲ್ರೀ ಅಮ್ಮಾರ."

"ಸಪ್ಪಳ ಇಲ್ಲದೇ ಇರೋದು ಒಂದು ತಪ್ಪಾ?"

"ಮಂದಿ ಗದ್ದಲ ಇರೂತನಕ ಹೆಣ್ಮಗಳಿಗೆ ಅಂಜಿಕಿ ಇಲ್ರಿ. ಬಸ್ಸು ಬರ್ತಾವು, ಕಂಡಕ್ಟರ್ ಒದರ್ತಾನು, ಯಾರರ ಕೆಮ್ತಾರು. ಎಲ್ಲಾ ನಿಂತು ಗಪ್ ಆತಂದ್ರ ಎದ್ದು ಕುಂದ್ರಬೇಕು, ಯಾರು ಬರ್ತಾರು ಅಂತ ನೋಡ್ಕೋತ. ಆ ಖೋಲಿಯಾಗ ಸಂಜಿ ಆತಂದ್ರ ಗಪ್ಪ್ ರೀ. ಬೆಳತನ ಕುಂತೇ ಇದ್ನಿ."

ನಾನು ಅವಳ ಪಕ್ಕದಲ್ಲೇ ಕೂತೆ. ಕಡಲೆಕಾಯಿ ಮಾರುವವಳ ಹತ್ತಿರ ಎರಡು ಪೊಟ್ಟಣ ಕೊಂಡು ಒಂದನ್ನು ಅವಳಿಗೆ ಕೊಟ್ಟೆ, ಇಬ್ಬರೂ ಸುಲಿದು ತಿಂದು ಜೆ.ಪಿ. ನಗರದ ಮನೆಗೆ ವಾಪಸಾದೆವು.

ಉಸ್ತುವಾರಿ ಹುಡುಗಿ ಒಳ್ಳೆಯವಳು, ಆದರೆ ಅವಳ ಕೈಯೂ ಕಟ್ಟಿತ್ತು. "ಆಂಟಿ, ಇನ್ನೊಂದೇ ಸಲ. ಅವರ ಮಂಚಕ್ಕೆ ಕಾಯ್ತಿರೋರು ಇದಾರೆ. ಈ ಸಲ ರೂಮು ಬಿಟ್ಟು ಓಡಿಬಂದ್ರೆ ನನ್ನ ಹತ್ರ ಜಾಗ ಇರಲ್ಲ." ಅಂದರೆ ಈ ಸಲ ತಪ್ಪಿದರೆ ಅವಳಿಗೆ ಆ ಬೆಂಚೇ ಗತಿ. ಆ ಯೋಚನೆಗೇ ನನಗೆ ಊಟ ಸೇರಲಿಲ್ಲ.

ಮಾರನೇ ದಿನದಿಂದ ನಾನು ಫೋನಿನಲ್ಲಿ ಉಲ್ಟಾ ರಾಗ ಶುರು ಮಾಡಿದೆ. "ಸಾರ್, ನಿಮ್ಮ ಮನೆ ಹತ್ತಿರ ಗಲಾಟೆ ಇದೆಯಾ?" "ಛೆ ಛೆ, ಎಲ್ಲಾದ್ರೂ ಉಂಟೆ! ಸಖತ್ ಸೈಲೆಂಟ್ ಏರಿಯಾ ಮೇಡಂ." "ಹಾಗಾದ್ರೆ ಬೇಡ ಸಾರ್, ಥ್ಯಾಂಕ್ಸ್." ಕೋಣನಕುಂಟೆಯ ಒಬ್ಬರು ನನಗೆ ತಲೆ ಸರಿಯಿಲ್ಲ ಅಂತ ನೇರವಾಗಿಯೇ ಅಂದರು. ಪೇಪರಿನ ಹಿಂದಿನಿಂದ ಯಜಮಾನರು, "ಅವರು ಹೇಳೋದ್ರಲ್ಲಿ ತಪ್ಪೇನಿಲ್ಲ," ಅಂದರು. ಇಡೀ ಬೆಂಗಳೂರು ಗಲಾಟೆ ಗಲಾಟೆ ಅಂತ ಬಾಯಿ ಬಡಿದುಕೊಳ್ಳುತ್ತದೆ. ನನಗೆ ಬೇಕಾದಾಗ ಒಂದು ಚೂರು ಗಲಾಟೆ ಸಿಗಲಿಲ್ಲ ನೋಡಿ!

ಕೊನೆಗೆ ಯಡಿಯೂರು ಕೆರೆಯ ಹಿಂದಿನ ಬೀದಿಯ ಒಬ್ಬ ಓನರಮ್ಮ ಸಿಕ್ಕರು. ಅವರದ್ದೂ ಪ್ರಶಾಂತವಾದ ಜಾಗವೇ ಅಂತೆ. ಆದರೆ ಒಂದು ವಿಚಿತ್ರ, ಆಕೆ ಗಂಡನ ವಿಷಯ ಕೇಳಲೇ ಇಲ್ಲ. "ಯಾರಾದ್ರೂ ಪರವಾಗಿಲ್ಲ, ಬನ್ನಿ. ಮಧ್ಯಾಹ್ನ ಎರಡು ಗಂಟೆಗೇ ಬನ್ನಿ, ಬೇರೆ ಹೊತ್ತಲ್ಲಿ ನಾನಿರಲ್ಲ," ಅಂದರು. ಗಂಡನ ಬಗ್ಗೆ ಕೇಳದವರು ಸಿಗುವುದೇ ಅಪರೂಪ, ನೋಡಿಯೇ ಬರೋಣ ಅಂತ ಒಲ್ಲದ ಮನಸ್ಸಿನಲ್ಲೇ ರೊಟ್ಟಿ ಅಕ್ಕನನ್ನು ಹೊರಡಿಸಿದೆ. ಜೆ.ಪಿ. ನಗರದ ಮನೆಯ ಹೆಂಗಸರಂತೂ ಅವಳನ್ನು ಗಂಡಿನ ಕಡೆಯವರಿಗೆ ತೋರಿಸಲು ಕಳಿಸುವವರ ಹಾಗೆ ತಯಾರು ಮಾಡಿದರು. ಒಬ್ಬಳ ಸೀರೆ, ಇನ್ನೊಬ್ಬಳ ಬಳೆ. "ಜಾಸ್ತಿ ಮಾತಾಡ್ಬೇಡ," "ಮಾತೇ ಆಡದೆ ಕೂತ್ಕೋಬೇಡ," ಅಂತ ಎರಡೂ ಬುದ್ಧಿವಾದ ಒಟ್ಟಿಗೇ.

ಓನರಮ್ಮ ಮೇಲಿನ ಮಹಡಿಯವರು. ಕೆಳಗೆ ಒಂದು ರೂಮು, ಪುಟ್ಟ ಅಡುಗೆಮನೆ, ಬಚ್ಚಲು. ಗೋಡೆಗೆ ಅಂಟಿಕೊಂಡೇ ಶಟರ್ ಎಳೆದ ಒಂದು ಅಂಗಡಿ. ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. "ನೋಡಿ ಮೇಡಂ, ನೊಣ ಹಾರಿದ್ರೂ ಕೇಳಿಸುತ್ತೆ," ಎಂದರು ಓನರಮ್ಮ. ರೊಟ್ಟಿ ಅಕ್ಕನ ಮುಖ ಇಳಿದುಹೋಯಿತು. ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ಹೋಗೂಣ್ರೀ ಅಮ್ಮಾರ," ಎಂದು ಬಾಗಿಲಿಗೆ ಬಂದಳು. ಓನರಮ್ಮ ಬಿಡಬೇಕಲ್ಲ! ಕಾಫಿ ಕುಡಿದೇ ಹೋಗಬೇಕು ಅಂತ ಹಟ ಹಿಡಿದು ಮಹಡಿ ಹತ್ತಿದರು. ಡಿಕಾಕ್ಷನ್ ಇಳಿಯಲು ಅವರು ಅಂದುಕೊಂಡದ್ದಕ್ಕಿಂತ ಹೊತ್ತಾಯಿತು.

ಲೋಟ ಹಿಡಿದು ಅವರು ಮೆಟ್ಟಿಲಿಳಿಯುತ್ತಿದ್ದಾಗ ಪಕ್ಕದ ಶಟರ್ ಗರ್ರೆಂದು ಮೇಲಕ್ಕೆ ಹೋಯಿತು. ಆಮೇಲೆ ಧಡ್ ಧಡ್ ಧಡ್ ಅಂತ ಶುರುವಾಯಿತು ನೋಡಿ, ಗೋಡೆಯೇ ನಡುಗಿತು. ಫ್ಲೋರ್ ಮಿಲ್ಲು! ಊಟದ ಹೊತ್ತಿಗೆ ಮುಚ್ಚಿದ್ದದ್ದು ಈಗ ತೆರೆದಿತ್ತು. ರಾಗಿಯ ಹಿಟ್ಟಿನ ಘಮ, ಬೆಲ್ಟಿನ ಪಟಪಟ, ಡಬ್ಬ ಹಿಡಿದು ನಿಂತವರ ಜಗಳ. ಎರಡು ಗಂಟೆಗೇ ಬನ್ನಿ ಅಂದದ್ದು ಯಾಕೆ, ಗಂಡನ ವಿಷಯ ಕೇಳದೇ ಇದ್ದದ್ದು ಯಾಕೆ ಅಂತ ನನಗೆ ಆಗ ಹೊಳೆಯಿತು. ಆ ರೂಮಿಗೆ ಯಾರೂ ಬರುತ್ತಲೇ ಇರಲಿಲ್ಲ.

ಓನರಮ್ಮನ ಮುಖ ಬಿಳಿಚಿಕೊಂಡಿತು. "ಅದು... ಸ್ವಲ್ಪ ಹೊತ್ತು ಅಷ್ಟೇ ಮೇಡಂ. ಅಭ್ಯಾಸ ಆಗ್ಬಿಡುತ್ತೆ."

"ದಿನಾ ಹಿಂಗ ಇರ್ತೈತೇನ್ರಿ?" ರೊಟ್ಟಿ ಅಕ್ಕ ಗೋಡೆಗೆ ಅಂಗೈ ಇಟ್ಟು ನಿಂತಿದ್ದಳು. ಕಣ್ಣು ದೀಪದ ಹಾಗೆ ಹೊಳೆಯುತ್ತಿತ್ತು.

"ರಾತ್ರಿ ಒಂಬತ್ತರವರೆಗೆ... ಆಮೇಲೆ ಮಲಗೋವರೆಗೂ ಮೇಲೆ ನಮ್ಮ ಟೀವಿ ಸದ್ದು ಅಷ್ಟೇ. ಬೇಕಾದ್ರೆ ಬಾಡಿಗೆಯಲ್ಲಿ ಸ್ವಲ್ಪ ನೋಡ್ಕೊಳ್ಳೋಣ ಬಿಡಿ."

ನಾನು ರೊಟ್ಟಿ ಅಕ್ಕನ ತೋಳು ಚಿವುಟಿದೆ, ನಗಬೇಡ ಅಂತ. ನಾನೂ ಮುಖ ಗಂಟು ಹಾಕಿಕೊಂಡು, "ಏನೋ, ಅಡ್ಜಸ್ಟ್ ಮಾಡ್ಕೋಬೇಕು," ಅಂದೆ. ಎಲ್ಲ ಮುಗಿಯಿತು ಅನ್ನುವಾಗ ಓನರಮ್ಮನಿಗೆ ಕೊನೇ ಗಳಿಗೆಯಲ್ಲಿ ಅನುಮಾನ ಬಂತು. "ಅಂದ ಹಾಗೆ ಇವರಿಗೆ ತಮ್ಮೋರು ಅಂತ ಯಾರಿದಾರೆ? ನಾಳೆ ಹುಷಾರಿಲ್ಲ ಅಂದ್ರೆ ನಾನು ಯಾರಿಗೆ ಹೇಳಲಿ?"

ರೊಟ್ಟಿ ಅಕ್ಕ ಗೋಡೆಯಿಂದ ಕೈ ತೆಗೆದಳು. "ಯಾರಿದಾರೆ ಅಂದ್ರೆ? ನಾನಿದೀನಲ್ಲ! ಇವಳು ನನ್ನ ತಂಗಿ," ಅಂದುಬಿಟ್ಟೆ.

"ಮಾತು ಬೇರೆ ಥರ ಇದೆಯಲ್ಲಾ?"

"ಆ ಕಡೆಗೆ ಕೊಟ್ಟಿದ್ವಿ. ಕಲಿತುಬಿಟ್ಟಿದಾಳೆ. ನಮ್ಮನೆ ಇಲ್ಲೇ ಜಯನಗರದಲ್ಲಿ, ಪಾರ್ಕಿನ ಎದುರಿಗೆ, ಬಾಗಿಲಲ್ಲಿ ಸಂಪಿಗೆ ಮರ ಇರೋ ಮನೆ. ಏನೇ ಆದ್ರೂ ನನಗೊಂದು ಫೋನ್ ಮಾಡಿ." ಬೆಣ್ಣೆ ದನಿಯಲ್ಲೇ ಹೇಳಿದೆ. ಓನರಮ್ಮ ನಂಬಿದರೋ, ನಂಬಿದ ಹಾಗೆ ಮಾಡಿದರೋ, ಬೀಗದ ಕೈ ಕೊಟ್ಟರು.

ವಾಪಸು ಬರುವಾಗ ಆಟೋದಲ್ಲಿ ರೊಟ್ಟಿ ಅಕ್ಕ ಬೀಗದ ಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಆಮೇಲೆ ಕೇಳಿದಳು: "ಸಂಪಿಗಿ ಗಿಡ ಖರೇನ ಐತೇನ್ರಿ?" ಇದೆ ಕಣಮ್ಮ, ಅದನ್ನೂ ಸುಳ್ಳು ಹೇಳ್ತೀನಾ ಅಂದೆ.

ಮೊದಲ ದಿನಗಳಲ್ಲಿ ನನ್ನ ಜೀವ ನನ್ನ ಕೈಯಲ್ಲಿರಲಿಲ್ಲ. ಸಂಜೆಯಾದರೆ ತರಕಾರಿ ನೆಪ ಮಾಡಿಕೊಂಡು ಬನಶಂಕರಿಗೆ ಹೋಗಿ ಆ ಬೆಂಚು ನೋಡಿ ಬರುತ್ತಿದ್ದೆ. ಯಾರ್ಯಾರೋ ಕೂತಿರುತ್ತಿದ್ದರು, ಅವಳಿರುತ್ತಿರಲಿಲ್ಲ. ಯಡಿಯೂರಿನ ಕಡೆ ಹಾದುಹೋದರೆ ಮಿಲ್ಲಿನ ಸದ್ದಿನ ಪಕ್ಕದಲ್ಲೇ ಅವಳ ಕಿಟಕಿಯಲ್ಲಿ ದೀಪ ಕಾಣುತ್ತಿತ್ತು. ಒಳಗೆ ಹೋಗುತ್ತಿರಲಿಲ್ಲ, ಕಾವಲು ಕಾಯುತ್ತಿದ್ದಾರೆ ಅಂದುಕೊಂಡಾಳು ಅಂತ. ಮನಸ್ಸಿಗೆ ಹಾಯೆನಿಸುತ್ತಿತ್ತು. ಬರುಬರುತ್ತಾ ದಿನಾ ಹೋಗುವುದನ್ನೂ ಬಿಟ್ಟೆ.

ಹೀಗಿರುವಾಗ ಒಂದು ಮಂಗಳವಾರ ಸಂಜೆ ಜಯನಗರದ ಮಾರ್ಕೆಟ್ಟಿಗೆ ಹೋದವಳು, ಹಾಗೇ ಅಕ್ಕಿಹಿಟ್ಟು ಮಾಡಿಸೋಣ ಅಂತ ಆ ಮಿಲ್ಲಿಗೇ ಹೋದೆ. ಶಟರ್ ಹಾಕಿತ್ತು. ಮಂಗಳವಾರ ರಜ ಅಂತ ಅದರ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಅಯ್ಯೋ ನನ್ನ ಬುದ್ಧಿಗಿಷ್ಟು! ವಾರದ ರಜ ಅನ್ನುವುದೊಂದು ಇರುತ್ತದೆ ಅಂತ ನನ್ನ ತಲೆಗೇ ಬಂದಿರಲಿಲ್ಲ. ಕಳೆದ ಮಂಗಳವಾರಗಳನ್ನು ಅವಳು ಹೇಗೆ ಕಳೆದಳೋ. ಬೀದಿ ಸ್ತಬ್ಧವಾಗಿತ್ತು. ಓನರಮ್ಮನ ಟೀವಿಯೂ ಇಲ್ಲ, ಅವರು ಮಗಳ ಮನೆಗೆ ಹೋಗಿದ್ದಾರೆ, ರಾತ್ರಿಗೆ ಬರುತ್ತಾರೆ ಅಂತ ಎದುರುಮನೆಯವರು ಅಂದರು. ರೊಟ್ಟಿ ಅಕ್ಕನ ಬಾಗಿಲಿಗೆ ಬೀಗ. ಫೋನ್ ಮಾಡಿದರೆ ಸ್ವಿಚ್ ಆಫ್.

ಅಕ್ಕಿಯ ಡಬ್ಬ ಹಿಡಿದುಕೊಂಡೇ ಆಟೋ ಹತ್ತಿ ಬನಶಂಕರಿಗೆ ಓಡಿದೆ. ಬೆಂಚಿನ ಮೇಲೆ ಕಾಲೇಜು ಹುಡುಗಿಯರು ಕೂತು ನಗುತ್ತಿದ್ದರು. ಕಡಲೆಕಾಯಿಯವಳನ್ನು ಕೇಳಿದೆ. "ಆಯಮ್ಮ ಇತ್ಲಾಗೆ ಬಂದೇ ಇಲ್ಲ ಕಣಕ್ಕ," ಅಂದಳು. ನಾನು ನಂಬಲಿಲ್ಲ. ಇಡೀ ಸ್ಟ್ಯಾಂಡು ಸುತ್ತಿದೆ, ದೇವಸ್ಥಾನದ ಮೆಟ್ಟಿಲು ನೋಡಿ ಬಂದೆ. ಬೇರೆ ಯಾವ ಬೆಂಚು ಹಿಡಿದಳೋ, ಎಲ್ಲಿ ಅಂಜಿಕೊಂಡು ಕೂತಿದ್ದಾಳೋ ಅಂತ ಅಳುವೇ ಬಂತು. ಆ ಹುಡುಗಿಯರ ಪಕ್ಕದಲ್ಲೇ ಕೂತು ಅತ್ತೆ, ನಾಚಿಕೆ ಬಿಟ್ಟು.

ಆಗ ಯಜಮಾನರ ಫೋನು ಬಂತು. "ಎಲ್ಲಿದೀಯೇ? ನಿನ್ನ ತಂಗಿ ಬಂದು ಕೂತಿದಾಳೆ."

"ಯಾವ ತಂಗಿ ರೀ?"

"ಅದನ್ನೇ ನಾನು ಕೇಳ್ತಿರೋದು! ಇಷ್ಟು ವರ್ಷ ಸಂಸಾರ ಮಾಡಿದೀನಿ, ನಿನಗೊಬ್ಬ ತಂಗಿ ಇರೋದು ಇವತ್ತು ಗೊತ್ತಾಗ್ತಿದೆ. ಸಂಪಿಗೆ ಮರ ಹುಡುಕ್ಕೊಂಡು ಪಾರ್ಕು ಮೂರು ಸುತ್ತು ಹಾಕಿದಾಳಂತೆ. ಬೇಗ ಬಾ, ನನ್ನ ಕೈಲಿ ಬದನೆಕಾಯಿ ಹೆಚ್ಚಿಸ್ತಿದಾಳೆ."

ನಾನು ಮನೆ ಮುಟ್ಟುವಾಗ ಗೇಟಿಗೇ ಪಟಪಟ ಸದ್ದು ಕೇಳುತ್ತಿತ್ತು. ಅಡುಗೆಮನೆಯಲ್ಲಿ ನನ್ನ ತವಾ, ನನ್ನ ಹಳೇ ಮಣೆ, ಅವಳ ಗಿರಣಿಯ ಜೋಳದ ಹಿಟ್ಟು. ನನ್ನನ್ನು ನೋಡಿ ಎದ್ದು ನಿಂತಳು. "ಫೋನಿನ್ಯಾಗ ಚಾರ್ಜ್ ಇರ್ಲಿಲ್ರಿ. ಇವತ್ತ ಗಿರಣಿ ಸೂಟಿ. ಹೋದ ವಾರ, ಅದರ ಹಿಂದಿನ ವಾರ ಮ್ಯಾಲಿನವ್ರ ಟೀವಿ ಇತ್ತು, ತಡಕೊಂಡ್ನಿ. ಇವತ್ತ ಅವರೂ ಇಲ್ಲ. ಬ್ಯಾಗ್ ಹಿಡಕೊಂಡು ಹೊರಗ ಬಂದು ನಿಂತಿದ್ನಿ, ಎಲ್ಲಿ ಹೋಗ್ಲಿ ಅಂತ. ಆಗ ನಿಮ್ಮ ಸಂಪಿಗಿ ಗಿಡ ನೆಪ್ಪಾತು." ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡಳು. "ಅವತ್ತ ಆ ಓನರಮ್ಮಗ ಹೇಳಿದ್ರಲ್ಲ, ಅದು ಬರೇ ಖೋಲಿ ಸಲುವಾಗಿ ಹೇಳಿದ್ದೇನ್ರಿ?"

"ನಿನ್ನ ತಲೆ! ಸಂಪಿಗೆ ಮರ ಸುಳ್ಳಾ? ತಂಗಿ ಯಾಕೆ ಸುಳ್ಳಾಗ್ತಾಳೆ?" ಅಂತ ರೇಗಿದೆ. ರೇಗದೆ ಇದ್ದಿದ್ದರೆ ಮತ್ತೆ ಅಳುತ್ತಿದ್ದೆ. ಹಗುರಾಗಿ ಅವಳ ತಲೆಗೊಂದು ಮೊಟಕಿದೆ, ಮನೆಯಲ್ಲಿ ಚಿಕ್ಕವರಿಗೆ ಮೊಟಕುವ ಹಾಗೆ. ಎಣ್ಣೆಗಾಯಿಗೆ ಖಾರ ಜಾಸ್ತಿಯಾಗಿತ್ತು. ಯಜಮಾನರು ಮೂಗು ಒರೆಸಿಕೊಳ್ಳುತ್ತಾ ಮೂರು ರೊಟ್ಟಿ ತಿಂದರು.

ಊಟವಾದ ಮೇಲೆ ರಾತ್ರಿ ಇಲ್ಲೇ ಮಲಗು ಅಂದೆ, ಹಾಸಿಗೆಯನ್ನೂ ತೆಗೆದೆ. ಅವಳು ಪಾತ್ರೆ ತೊಳೆದಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. ಬ್ಯಾಗು ತೆಗೆದುಕೊಂಡು ಬಾಗಿಲಲ್ಲಿ ಚಪ್ಪಲಿ ಹುಡುಕತೊಡಗಿದಳು.

"ಬ್ಯಾಡ ಅಕ್ಕಾ. ಓನರಮ್ಮ ಇಷ್ಟೊತ್ತಿಗೆ ಬಂದಿರ್ತಾರು. ಮುಂಜಾನೆ ಗಿರಣಿನೂ ಚಾಲೂ ಆಗ್ತೈತಿ. ನಾ ಇನ್ನ ಮನಿಗೆ ಹೋಗ್ತೀನಿ."