ಗಂಟೆ ಹಗ್ಗ ಜಗ್ಗಿದ್ದಕ್ಕೆ ಅಜ್ಜಿ ಕಣ್ಣು ಬಿಟ್ಟಳು

ಹಗ್ಗ ಹಿಡ್ದು ಜಗ್ಗೇಬಿಟ್ಟೆ. ಮೊದ್ಲು ಏನೂ ಆಗ್ಲಿಲ್ಲ. ಮೈಭಾರ ಎಲ್ಲಾ ಹಾಕಿ ಇನ್ನೊಂದ್ಸಲ ಎಳ್ದೆ. ಮೇಲೆ ಗೋಪುರದಲ್ಲಿ ಢಣ್ ಅಂತು ನೋಡಿ, ಕಾಲ್ಕೆಳಗಿನ ಕಲ್ಲೇ ನಡುಗಿದಂಗಾಯ್ತು. ಗಂಟೆ ವಾಪಸ್ ತೂಗಿದ ಏಟಿಗೆ ಹಗ್ಗ ನನ್ನನ್ನೇ ಮೇಲಕ್ಕೆತ್ತಿತು. ಬಿಡೋಕೂ ಭಯ, ಹಿಡ್ಕೊಂಡಿರೋಕೂ ಭಯ. ಢಣ್, ಢಣ್ ಅಂತ ಬಡ್ಕೊಳ್ತಾನೇ ಇತ್ತು.

ಪಕ್ಕದಲ್ಲಿ ನಮ್ಮಜ್ಜಿ ಕೈ ಮುಗ್ಕೊಂಡು, "ಸಾಕ್ ಬಿಡ್ಲಾ ಮುನಿಯಾ, ದೇವ್ರಿಗೆ ಕೇಳ್ಸಿರ್ತದೆ" ಅಂದ್ಲು.

ಇದು ಐವತ್ತೊಂಬತ್ತನೇ ಇಸ್ವಿ, ಸಂಕ್ರಾಂತಿ ಕಳೆದ ಮೇಲೆ ನಡೆದದ್ದು. ನಮ್ಮೂರು ಸಿಂಗಾಪುರ, ಯಲಹಂಕದ ಕಡೆ. ನಾನು ಓದಿರೋದು ಮೂರನೇ ಕ್ಲಾಸು. ಬಣ್ಣ ಹಚ್ಚಿ ಬರೆಯೋಕೆ ಬರಲ್ಲ, ಆದದ್ದು ಆದಂಗೆ ಬರೀತೀನಿ.

ಅಜ್ಜಿಗೆ ಎರಡೂ ಕಣ್ಣಲ್ಲಿ ಪೊರೆ ಬಂದಿತ್ತು. ಗೋಡೆ ತಡಕ್ಕೊಂಡು ಓಡಾಡೋಳು. ಬೆಂಗಳೂರಲ್ಲಿ ದಂಡಿನ ಕಡೆ, ಅದೇ ಕಂಟೋನ್ಮೆಂಟು, ಅಲ್ಲಿ ಕಣ್ಣಾಸ್ಪತ್ರೇಲಿ ಪೊರೆ ತೆಗೀತಾರೆ ಅಂತ ಕೇಳಿ ನಾನೇ ಹಟ ಮಾಡ್ದೆ. ಊರೋರೆಲ್ಲ ಬೇಡ ಅಂದ್ರು. ನಮ್ ದೊಡ್ಡಪ್ಪ ಅಂತೂ, "ಲೇ, ಇರೋ ಮಬ್ಬು ಬೆಳಕೂ ಓದ್ರೆ, ಸಾಯೋಗಂಟ ನೀನೇ ಕೈ ಇಡ್ಕೊಂಡ್ ತಿರುಗು" ಅಂದ. "ತಿರುಗ್ತೀನಿ ಬಿಡು" ಅಂದು ಗಾಡಿ ಕಟ್ದೆ. ಹೆಬ್ಬಾಳದವರೆಗೂ ಗಾಡಿ, ಎತ್ತು ಗಾಡಿ ಅಲ್ಲೇ ನೆಂಟರ ಮನೇಲಿ ಬಿಟ್ಟು ಮುಂದಕ್ಕೆ ಬಸ್ಸು.

ಒಂದು ಕಣ್ಣಿಗೆ ಆಪರೇಷನ್ ಆಯ್ತು. ಪಟ್ಟಿ ಬಿಚ್ಚಿ ದಪ್ಪ ಗಾಜಿನ ಕನ್ನಡಕ ಕೊಟ್ರು. ವಾರ್ಡೋ ಒಂಥರಾ ಕತ್ಲೆಗವಿ. ಅಜ್ಜಿ ಹಾಕ್ಕೊಂಡು, "ಮಂಜು ಕಣಪ್ಪ, ಬರೀ ಮಂಜು" ಅಂದು ತೆಗೆದು ಸೆರಗಿಗೆ ಗಂಟು ಹಾಕ್ಕೊಂಡ್ಲು. ಡಾಕ್ಟ್ರು ನನ್ನ ಪಕ್ಕಕ್ಕೆ ಕರೆದು, "ಕೆಲವರಿಗೆ ಬರುತ್ತೆ, ಕೆಲವರಿಗೆ ಬರಲ್ಲಪ್ಪ. ಬೆಳಕಲ್ಲಿ ಕನ್ನಡಕ ಹಾಕ್ಕೊಂಡು ನೋಡಿದ್ರೇನೇ ಗೊತ್ತಾಗೋದು" ಅಂದ್ರು.

ಅವಳೋ ಹಾಕ್ಕೊಳ್ಳೋಕೇ ಒಲ್ಲಳು. "ಶ್ಯಾನುಭೋಗನಂಗ್ ಕಾಣ್ತೀನಿ, ನಂಗ್ ಬ್ಯಾಡ" ಅಂತಾಳೆ. ನಾನು ಬೈದೆ, ಬೇಡ್ಕೊಂಡೆ. ಕಲ್ಲು. ದೊಡ್ಡಪ್ಪನ ಮಖ ಹೆಂಗೆ ನೋಡೋದು? ಅವಳ ಕಣ್ಣು ಹೋಗಿದ್ರೆ ಕಳೆದೋನು ನಾನೇ ತಾನೇ.

ಆಸ್ಪತ್ರೆ ಬಿಟ್ಟು ಊರಿಗೆ ಹೊರಟ್ವಿ, ಬಸ್ಸು ಬರೋಕೆ ಇನ್ನೂ ಹೊತ್ತಿತ್ತು. ಬಿಸ್ಲು ಸುಡ್ತಿತ್ತು. ಎದುರಿಗೆ ಒಂದು ಹಳೇ ಚರ್ಚು, ಸೂಜಿ ಥರ ಚೂಪು ಗೋಪುರ. ನೆರಳಿರ್ತದೆ ಅಂತ ಕರ್ಕೊಂಡೋದೆ. ಚಪ್ಲಿ ಬಾಗ್ಲಲ್ಲೇ ಬಿಟ್ವಿ. ಅಜ್ಜಿ, "ಯಾವ್ ದೇವ್ರಾದ್ರೇನು, ಕೈ ಮುಗಿದೇ ಓಗಣ. ಗಂಟೆ ಎಲ್ಲೈತೆ? ಗಂಟೆ ಒಡೀದೆ ಒಳೀಕ್ ಓದ್ರೆ ನಾವ್ ಬಂದಿದ್ದು ದೇವ್ರಿಗೆಂಗೆ ಗೊತ್ತಾಗ್ತದೆ?" ಅಂದ್ಲು.

ಬಾಗ್ಲ ಮೇಲೆ ಗಂಟೆ ಕಾಣ್ಲಿಲ್ಲ. ಒಳಗೆ ಪಕ್ಕದಲ್ಲಿ ಗೋಪುರದ ಬುಡ. ಅಲ್ಲಿ ಮೇಲಿಂದ ಹಗ್ಗ ಇಳಿಬಿದ್ದಿತ್ತು. ನಮ್ಮ ಕಡೆ ದೇವಸ್ಥಾನದಲ್ಲಿ ಗಂಟೆ ಎಲ್ಲರ್ದೂ, ಬಂದೋರೆಲ್ಲಾ ಹೊಡೀತಾರೆ. ಇಲ್ಲೂ ಹಂಗೇ ಅಂದ್ಕೊಂಡೆ.

ಗಂಟೆ ನಿಲ್ಲೋ ಅಷ್ಟರಲ್ಲಿ ಕಾವಲುಗಾರ ಓಡ್ಬಂದ. ದಪ್ಪ ಆಸಾಮಿ, ತಮಿಳು ಕಲ್ಸಿದ ಕನ್ನಡ. ನನ್ನ ಕತ್ತಿನ ಪಟ್ಟಿ ಹಿಡ್ದು, "ಏಯ್, ಯಾರಪ್ಪಾ ನೀನು? ಪೈತ್ಯಮಾ, ಹುಚ್ಚಾ? ಊರೆಲ್ಲಾ ಎಬ್ಬಿಸ್ಬಿಟ್ಟಲ್ಲಪ್ಪಾ! ನಡಿ ಸ್ಟೇಷನ್‌ಗೆ!" ಅಂತ ಅಲ್ಲಾಡ್ಸಿದ. ಬೀದಿಯಿಂದ ಹೆಂಗಸ್ರು ನುಗ್ಗಿದ್ರು. ಒಬ್ಳ ಕೈಲಿ ಅರ್ಧ ಹೆಚ್ಚಿದ ಬದನೇಕಾಯಿ ಹಂಗೇ ಇತ್ತು. "ಯಾರು ಹೋಗ್ಬಿಟ್ರು? ಯಾರು?" ಅಂತ ಅಳೋಕೇ ಶುರು. ಹೊತ್ತಲ್ಲದ ಹೊತ್ತಲ್ಲಿ ಗಂಟೆ ಬಾರಿಸಿದ್ರೆ ಅಲ್ಲಿ ಸಾವು ಅಂತ ಅರ್ಥವಂತೆ. ನನಗೇನ್ ಗೊತ್ತು!

ಆಗ ಅಜ್ಜಿ ಕಿರುಚಿದ್ಲು. "ಯಾವನ್ಲಾ ಅವ್ನು ನನ್ ಮೊಮ್ಮಗನ್ ಮೈ ಮುಟ್ಟೋನು?" ಅಂದೋಳೇ ಸೆರಗಿನ ಗಂಟು ಬಿಚ್ಚಿ, ಕನ್ನಡಕ ತೆಗೆದು, ಮೂಗಿಗೆ ಏರಿಸಿ ಅವನ ಮಖಕ್ಕೆ ಮಖ ಇಟ್ಲು.

"ಮೀಸೆ ಬೆಳ್ಳಗಾಗೈತೆ, ಬುದ್ಧಿ ಬಂದಿಲ್ವಾ ನಿಂಗೆ? ಅಂಗಿ ಗುಂಡಿ ಬ್ಯಾರೆ ಒಂದ್ ಮ್ಯಾಲೆ ಒಂದ್ ಕೆಳ್ಗೆ ಆಕ್ಕೊಂಡವ್ನೆ! ಬಿಡೋ ಅವನ್ನ!"

ಅವನು ಬಗ್ಗಿ ಗುಂಡಿ ನೋಡ್ಕೊಂಡ. ಹೌದು, ತಪ್ಪಾಗೇ ಹಾಕಿದ್ದ.

ನಾನು ಅಜ್ಜಿ ಕಡೆ ತಿರುಗಿದೆ. ಅಜ್ಜಿ ಬಯ್ಯೋದು ನಿಲ್ಸಿ ಮೆಲ್ಲಗೆ ತಲೆ ಎತ್ತಿದ್ಲು. ಕಂಬದ ಬುಡದಿಂದ ಮೇಲಕ್ಕೆ, ಇನ್ನೂ ಮೇಲಕ್ಕೆ. ಆಗ್ಲೇ ನಾನೂ ಸರಿಯಾಗಿ ನೋಡಿದ್ದು. ಬಳ್ಳಾರಿ ರಸ್ತೇಲಿ ಎರಡೂ ಕಡೆ ಮರ ಮೇಲ್ ಹೋಗಿ ಸೇರ್ಕೊಂಡಂಗೆ, ಕಲ್ಲಿನ ಕಂಬ ಎತ್ತರಕ್ಕೋಗಿ ಕೊಂಬೆ ಒಡ್ದು ಒಂದಕ್ಕೊಂದು ಸೇರ್ಕೊಂಡಿದ್ವು. ಕಿಟಕಿಗಳೆಲ್ಲ ಚೂಪು. ಬಣ್ಣದ ಗಾಜಿಂದ ಬಿಸ್ಲು ಬಿದ್ದು, ಅವಳ ಬಿಳೀ ಸೀರೆ ಅರಿಶಿನ, ಕುಂಕುಮ, ನೀಲಿ ಆಗೋಗಿತ್ತು.

"ಲೇ ಮುನಿಯಾ, ಅಲ್ ನೋಡ್ಲಾ. ಆವಯ್ಯ ಕುರಿಮರಿನ ಎಗಲ್ ಮ್ಯಾಲ್ ಆಕ್ಕೊಂಡವ್ನೆ. ಕುರಿ ಮೇಯ್ಸಿರೋ ದೇವ್ರು ಕಣ್ಲಾ ಇವ್ನು. ಆದ್ರೆ ಒಂದ್ ಕಾಲ್ ಬಿಟ್ಟವ್ನೆ. ಮರಿ ಜಾರ್ತದೆ, ಯೋಳು ಅವ್ನಿಗೆ."

ನಾನು ಕಣ್ಣು ಕಿರಿದು ಮಾಡಿ ನೋಡ್ದೆ. ಅಷ್ಟೆತ್ತರದ ಗಾಜಲ್ಲಿ, ನಿಜ, ಮರಿದು ಒಂದು ಕಾಲು ಕೈಗೆ ಸಿಗದೆ ನೇತಾಡ್ತಿತ್ತು. ನನಗೇ ಕಂಡಿರ್ಲಿಲ್ಲ!

ನಾನು ಕುಣಿದ್ಬಿಟ್ಟೆ. ಅಲ್ಲಿ ಕುಣೀಬಾರ್ದು ಅಂತ ಆಮೇಲೆ ಗೊತ್ತಾಯ್ತು. ಹೆಂಗಸ್ರು ಮತ್ತೆ "ಯಾರು ಹೋದ್ರು?" ಅಂದ್ರು. ಅಜ್ಜಿ, "ಯಾರೂ ಓಗಿಲ್ಲ ಕಣ್ರವ್ವಾ, ನನ್ ಕಣ್ಣು ಬಂತು!" ಅಂದ್ಲು. ಬದನೇಕಾಯಿ ಹೆಂಗಸು ಅವಳನ್ನ ತಬ್ಕೊಂಡ್ಲು.

ಅಷ್ಟೊತ್ತಿಗೆ ವಯಸ್ಸಾದ ಪಾದ್ರಿ ಬಂದ್ರು. ಸಂಗತಿ ಕೇಳಿ ಹೊಟ್ಟೆ ಹಿಡ್ಕೊಂಡು ನಕ್ರು. ಬೈಲಿಲ್ಲ. ಅವರೇ ಕಂಬ, ಕಿಟಕಿ ಎಲ್ಲಾ ತೋರಿಸಿದ್ರು. ಈ ಥರ ಕಟ್ಟೋದಕ್ಕೆ ಗಾಥಿಕ್ ಅಂತಾರಂತೆ. "ಈ ಕಲ್ಲು ಬೀಳಲ್ವಾ ಸ್ವಾಮಿ?" ಅಂದೆ. "ಆ ಕಡೆಯದು ಈ ಕಡೆ ತಳ್ಳುತ್ತೆ, ಈ ಕಡೆಯದು ಆ ಕಡೆ ತಳ್ಳುತ್ತೆ. ಅದಕ್ಕೇ ನಿಂತಿದೆ" ಅಂದ್ರು.

"ಅತ್ತೆ ಸೊಸೆ ಇದ್ದಂಗನ್ನಿ" ಅಂದ್ಲು ಅಜ್ಜಿ. "ತಳ್ಕೊಂಡ್ ತಳ್ಕೊಂಡೇ ಮನೆ ನಿಂತಿರ್ತದೆ."

ಕಾವಲುಗಾರನೂ ನಕ್ಕ. ನಮಗೆ ಟೀ ತರಿಸಿದ್ದೂ ಅವನೇ. ಅಷ್ಟೊತ್ತಿಗೆ ಗುಂಡಿ ಸರಿ ಮಾಡ್ಕೊಂಡಿದ್ದ.

ಬಸ್ಸಲ್ಲಿ ಕೇಳ್ದೆ, "ಅಲ್ಲಜ್ಜೀ, ಮೊದ್ಲೇ ಹಾಕ್ಕೊಳ್ಳೋಕೆ ಏನ್ ಬ್ಯಾನೆ ನಿಂಗೆ?"

ಕನ್ನಡಕ ಮೂಗಿನ ಮೇಲೆ ಸರಿ ಮಾಡ್ಕೊಂಡ್ಲು. "ಆಕ್ಕೊಂಡೂ ಕಾಣ್ದಿದ್ರೆ ಏನ್ ಮಾಡ್ಲಿ ಅಂತ ಎದರಿದ್ದೆ ಕಣಪ್ಪ. ಸೆರಗಲ್ಲಿದ್ರೆ ಕಂಡ್ರೂ ಕಾಣ್ಬೋದು ಅಂತ ಆಸೆ ಆದ್ರೂ ಇರ್ತದೆ."

ಹೆಬ್ಬಾಳದ ಕೆರೆ ಬಂದಾಗ ನೀರು ನೋಡಿದ್ಲು, ಕೊಕ್ಕರೆ ನೋಡಿದ್ಲು. ಆಮೇಲೆ ತಿರುಗಿ ನನ್ನ ಮಖಾನೇ ನೋಡ್ತಾ ಕೂತ್ಲು. ಏನೋ ಒಳ್ಳೆ ಮಾತಾಡ್ತಾಳೆ ಅಂದ್ಕೊಂಡೆ.

"ಥೂ, ಎಷ್ಟ್ ಕರ್ರಗಾಗೋಗಿದೀಯಲ್ಲಾ. ಚಿಕ್ಕೋನಿದ್ದಾಗ ಚೆನ್ನಾಗಿದ್ದೆ" ಅಂದ್ಲು.

ಊರಲ್ಲಿ ದೊಡ್ಡಪ್ಪ ಬಾಗ್ಲಲ್ಲೇ ನಿಂತಿದ್ದ. ಅವನು ಬಾಯಿ ತೆಗೆಯೋಕೆ ಮುಂಚೆ ಅಜ್ಜಿ ಗಾಡಿಯಿಂದ್ಲೇ ಕೂಗಿದ್ಲು, "ಗಡ್ಡ ಕೆರೆಸ್ಕೊಳ್ಳೋ, ಮುದುಕನಂಗಿದೀಯ!" ಅವನು ಗಡ್ಡ ಸವರ್ಕೊಂಡ. ಬಂದು ಎತ್ತು ಬಿಚ್ಚಿದ.

ಈಗ್ಲೂ ದಂಡಿನ ಕಡೆ ಹೋದ್ರೆ ಆ ಚರ್ಚಿಗೆ ಹೋಗಿ ತಲೆ ಎತ್ತಿ ನೋಡ್ತೀನಿ. ಕತ್ತು ನೋಯೋಗಂಟ ನೋಡ್ತೀನಿ. ಮರಿ ಕಾಲು ಹಂಗೇ ನೇತಾಡ್ತದೆ. ಗಂಟೆ ಹಗ್ಗ ಮಾತ್ರ ಯಾರ್ ಕೈಗೂ ಎಟುಕದಂಗೆ ಎತ್ತರಕ್ಕೆ ಕಟ್ಟವ್ರೆ. ಅದು ನನ್ನಿಂದ್ಲೇ.

ಅಷ್ಟೇ. ಇನ್ನೇನೂ ಹೇಳೋದಿಲ್ಲ ನನ್ಹತ್ರ.