ತಿಕೋಟಾದಲ್ಲಿ ಕಟ್ಟಿದ ಚಟ್ಟ

ನನ್ನ ತಮ್ಮ ಬಬಲೇಶ್ವರದಲ್ಲಿ ದ್ರಾಕ್ಷಿ ಬೆಳೆಯುತ್ತಾನೆ. ಬಾಯಿ ಮಾತ್ರ ವಿಧಾನಸೌಧದಷ್ಟು ದೊಡ್ಡದು. ಆ ಶ್ರಾವಣದಲ್ಲಿ ಗೆಳೆಯರನ್ನು ಕಟ್ಟಿಕೊಂಡು ವಿಜಯಪುರಕ್ಕೆ ಹೋಗಿ ಬಾವುಟ ಹಾರಿಸಿದ. ಉತ್ತರ ಕರ್ನಾಟಕ ಇವತ್ತಿನಿಂದ ಬೇರೆ ರಾಜ್ಯ ಎಂದು ಘೋಷಿಸಿಬಿಟ್ಟ. ಯಾರನ್ನು ಕೇಳಿ? ಕರ್ನಾಟಕವೇನು ಇವನಪ್ಪನ ಆಸ್ತಿಯೇ? ನಮ್ಮಿಬ್ಬರಿಗೂ ಒಬ್ಬನೇ ಅಪ್ಪ, ಅದು ಬೇರೆ ಮಾತು. ನನಗಂತೂ ಮೈಯೆಲ್ಲ ಉರಿಯಿತು.

ಮರುದಿನ ನಮ್ಮ ತಿಕೋಟಾದಲ್ಲಿ ಅದರ ವಿರುದ್ಧ ಪ್ರತಿಭಟನೆ. ಮುಂದಾಳು ನಮ್ಮ ಯಜಮಾನರೇ, ಒಣದ್ರಾಕ್ಷಿ ವ್ಯಾಪಾರಿ. ನಾನೂ ಆಫೀಸಿಗೆ ರಜೆ ಹಾಕಿ ಹೋದೆ. ಆದರೆ ಒಳಗೊಳಗೇ ಹೆದರಿಕೆ. ಪಂಚಮಿ ಹಬ್ಬಕ್ಕೆ ತವರಿಗೆ ಕರೆಯಲು ತಮ್ಮ ಪ್ರತಿಭಟನೆಯ ಮರುದಿನ ಬೆಳಗ್ಗೆ ಬರಬೇಕಿತ್ತು. ಅಪ್ಪ ಅವ್ವ ಹೋದಮೇಲೆ ನನಗೆ ತವರು ಅಂದರೆ ಅವನೊಬ್ಬನೇ. ಅವನು ಬರದಿದ್ದರೆ ಆ ಮನೆಯ ಋಣ ಅಲ್ಲಿಗೆ ತೀರಿದಂತೆ.

ಬಸ್ ನಿಲ್ದಾಣದಿಂದ ಅಣಕು ಶವಯಾತ್ರೆ ಹೊರಟಿತು. ಬಿದಿರಿನ ಚಟ್ಟ, ಮೇಲೆ ಹುಲ್ಲು ತುಂಬಿದ ಬೊಂಬೆ, ಎದೆಯ ಮೇಲೆ ನನ್ನ ತಮ್ಮನ ಫೋಟೋ. ಹೆಂಗಸರು ಸುಳ್ಳುಸುಳ್ಳೇ ಎದೆ ಬಡಿದುಕೊಂಡು ಅಳುತ್ತಿದ್ದರು, ನಡುನಡುವೆ ನಗುತ್ತಿದ್ದರು. ಮುಂದೆ ಹೆಗಲು ಕೊಟ್ಟವರು ನಮ್ಮ ಯಜಮಾನರು.

ನಾನು ಚಟ್ಟಕ್ಕೆ ಅಡ್ಡ ಹೋಗಿ ನಿಂತೆ.

"ಅವಂಗ ಬೈಯ್ರಿ, ಧಿಕ್ಕಾರ ಕೂಗ್ರಿ, ನಾನೂ ಕೂಗ್ತೀನಿ. ಬದುಕಿರಾವನ್ನ ಚಟ್ಟದ ಮ್ಯಾಲ ಮಲಗಸಬ್ಯಾಡ್ರಿ."

"ಸುಮ್ನ ಬಾಜೂಕ ಸರಿ. ಮಂದಿ ನೋಡಾಕತ್ತಾರ," ಎಂದರು ಯಜಮಾನರು.

"ನೋಡ್ಲಿ. ಕೆಳಗ ಇಳಸ್ರಿ."

ಹಿಂದಿನಿಂದ ತಳ್ಳಾಟ ಶುರುವಾಯಿತು. ಪೊಲೀಸರು ಲಾಠಿ ಹಿಡಿದು ಹತ್ತಿರ ಬಂದರು. ಯಜಮಾನರು ನನ್ನ ಮುಖವನ್ನೇ ನೋಡಿದರು. ಆಮೇಲೆ ಚಟ್ಟ ಇಳಿಸಿ, ಫೋಟೋ ಕಿತ್ತು ಜೇಬಿಗಿಟ್ಟುಕೊಂಡರು. ಏನು ಪ್ರಯೋಜನ, ಅಷ್ಟರಲ್ಲಿ ಯಾರೋ ತೆಗೆದ ವಿಡಿಯೋ ಬಬಲೇಶ್ವರ ಮುಟ್ಟಿತ್ತು. ಸಂಜೆವರೆಗೂ ತಮ್ಮನಿಗೆ ಫೋನ್ ಮಾಡಿದೆ. ಎತ್ತಲಿಲ್ಲ.

ಬೆಳಗ್ಗೆ ಬಾಗಿಲಲ್ಲಿ ಬೈಕ್ ನಿಂತಿತು. ತಮ್ಮ ಹೊಸ್ತಿಲು ದಾಟಲಿಲ್ಲ. "ಒಳಗ ಬಾರೋ, ಚಾ ಕುಡಿ," ಎಂದು ಯಜಮಾನರು ಕರೆದರು. ಅವನು ಅವರ ಕಡೆ ನೋಡಲೇ ಇಲ್ಲ.

"ಸತ್ತಾವ ಕರಿಯಾಕ ಬಂದಾನ, ಯಕ್ಕಾ. ಬರ್ತೀಯೇನು?"

ಯಜಮಾನರು ತಲೆ ತಗ್ಗಿಸಿದರು. ನಾನು ಚೀಲ ತಂದು ಬೈಕ್ ಹತ್ತಿದೆ. ಊರು ದಾಟುವವರೆಗೂ ಹೇಗೋ ತಡೆದುಕೊಂಡಿದ್ದೆ. ದ್ರಾಕ್ಷಿ ತೋಟಗಳ ನಡುವೆ ಬಂದಾಗ ಅವನ ಬೆನ್ನಿಗೆ ಹಣೆ ಹಚ್ಚಿ ಅತ್ತುಬಿಟ್ಟೆ.

ತಮ್ಮ ಬೈಕ್ ನಿಲ್ಲಿಸಲಿಲ್ಲ, ಹಿಂದಕ್ಕೆ ತಿರುಗಲೂ ಇಲ್ಲ.

"ಅಳಬ್ಯಾಡ ಬಿಡು," ಎಂದ. "ನಿನ್ನಿ ನನ್ನ ಸಲುವಾಗಿ ಭಾಳ ಮಂದಿ ಅತ್ತಾರ."